ಸ್ಯಾಂ-ಡೊಮ್ಯಾಂಗ್ ವಸಾಹತು: ‘ಅಸ್ಯಾಸಿನ್ಸ್ ಕ್ರೀಡ್’ ಆಟಗಳಲ್ಲಿನ ಚರಿತ್ರೆ

ಸ್ಯಾಂ-ಡೊಮ್ಯಾಂಗ್ ಎಂಬುದು ಕೆರಿಬಿಯನ್ ಸಮುದ್ರದ ಹಿಸ್ಪನಿಯೋಲ ದ್ವೀಪದ ಪಶ್ಚಿಮ ಭಾಗದಲ್ಲಿದ್ದ ಫ್ರೆಂಚ್ ವಸಾಹತು. ಇಂದಿನ ಹೈಟಿ ದೇಶ. ಯೂಬಿಸಾಫ್ಟ್ ಸಂಸ್ಥೆಯ ‘ಅಸ್ಯಾಸಿನ್ಸ್ ಕ್ರೀಡ್’ ವಿಡಿಯೋ ಗೇಮ್ ಮಾಲೆ ಈ ನಾಡಿಗೆ ಅರ್ಧ ನಿಜದ, ಅರ್ಧ ಕಲ್ಪನೆಯ ಚರಿತ್ರೆಯೊಂದನ್ನು ಕಟ್ಟಿದೆ. ಅದರ ಮುಖ್ಯ ಭಾಗ 2013ರ ಡಿಸೆಂಬರ್‌ನಲ್ಲಿ ‘ಬ್ಲ್ಯಾಕ್ ಫ್ಲ್ಯಾಗ್’ ಆಟದ ಮುಂದುವರಿಕೆಯಾಗಿ ಬಂದ ‘ಫ್ರೀಡಂ ಕ್ರೈ’ಯಲ್ಲಿದೆ. ಇದನ್ನು ರೂಪಿಸಿದ್ದು ಕೆನಡಾದ ಕ್ವಿಬೆಕ್ ಸ್ಟುಡಿಯೋ. ಕಥೆ ಜಿಲ್ ಮರ್ರಿ ಅವರದು.

ವಸಾಹತಿನ ನಿಜವಾದ ಇತಿಹಾಸ ಯಾವ ಕಲ್ಪನೆಗಿಂತಲೂ ಕ್ರೂರ. 1697ರ ರೈಸ್ವಿಕ್ ಒಪ್ಪಂದದ ಹೊತ್ತಿಗೆ ದ್ವೀಪದ ಈ ಭಾಗ ಫ್ರಾನ್ಸಿನ ಪಾಲಾಯಿತು. ಅದಕ್ಕೂ ಮೊದಲೇ, 1685ರಲ್ಲಿ, ಫ್ರೆಂಚ್ ದೊರೆ ಹದಿನಾಲ್ಕನೆಯ ಲೂಯಿ ಹೊರಡಿಸಿದ್ದ ‘ಕೋಡ್ ನ್ವಾರ್’ ಎಂಬ ಶಾಸನ ಗುಲಾಮರನ್ನು ಚರಾಸ್ತಿಯೆಂದು ಕರೆದಿತ್ತು. ಓಡಿಹೋಗಿ ಸಿಕ್ಕಿಬಿದ್ದವರ ಕಿವಿ ಕತ್ತರಿಸಿ ಭುಜಕ್ಕೆ ಬರೆ ಹಾಕುವುದು ಅದರ ಪ್ರಕಾರ ನ್ಯಾಯ. ಕಬ್ಬಿನ ಗದ್ದೆ ಮತ್ತು ಆಲೆಮನೆಗಳಲ್ಲಿ ಜನ ಎಷ್ಟು ಬೇಗ ಸಾಯುತ್ತಿದ್ದರೆಂದರೆ, ಆಫ್ರಿಕದಿಂದ ಹಡಗುಗಟ್ಟಲೆ ಹೊಸಬರನ್ನು ತರುತ್ತಲೇ ಇರಬೇಕಿತ್ತು. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು.

ಆಟದ ಕಥೆ ನಡೆಯುವುದು 1735ರಿಂದ 1737ರ ನಡುವೆ. ನಾಯಕ ಅಡೆವಾಲೆ ಟ್ರಿನಿಡಾಡ್‌ನಲ್ಲಿ ಗುಲಾಮನಾಗಿ ಹುಟ್ಟಿ, ಕಡಲ್ಗಳ್ಳರ ಹಡಗಿನಲ್ಲಿ ದುಡಿದು, ಅಸ್ಯಾಸಿನ್ ಎಂಬ ಗುಪ್ತಸಂಘದ ಬಳಗ ಸೇರಿದವನು. ಬಿರುಗಾಳಿಗೆ ಸಿಕ್ಕಿ ಹಡಗು ಕಳೆದುಕೊಂಡು ಈ ದಡಕ್ಕೆ ಬಂದು ಬೀಳುತ್ತಾನೆ. ಅವನ ಕೈಯಲ್ಲಿದ್ದ ಪೊಟ್ಟಣ ಬಾಸ್ಟಿಯೆನ್ ಜೋಸೆಫ್ ಎಂಬ ವೇಶ್ಯಾಗೃಹದ ಒಡತಿಗೆ ಸೇರಬೇಕಾದದ್ದು. ಕಾಡಿನಲ್ಲಿ ನೆಲೆ ಕಟ್ಟಿಕೊಂಡ ಪರಾರಿ ಗುಲಾಮರಿಗೆ, ಅಂದರೆ ಮರೂನರಿಗೆ, ಅವಳು ಗುಟ್ಟಾಗಿ ನೆರವಾಗುತ್ತಿರುತ್ತಾಳೆ. ಬಳಗದ ಕೆಲಸವೆಂದು ಹೊರಟಿದ್ದ ಅಡೆವಾಲೆ ಕೊನೆಗೆ ಇವರ ಹೋರಾಟಕ್ಕೇ ನಿಲ್ಲುತ್ತಾನೆ. ಕಥೆಯ ಅತ್ಯಂತ ದಾರುಣ ಭಾಗ ಮುಳುಗುತ್ತಿರುವ ಗುಲಾಮರ ಹಡಗಿನದು. ಅಡೆವಾಲೆ ಒಳಗಿಳಿದು ಸರಪಳಿ ಬಿಚ್ಚತೊಡಗುತ್ತಾನೆ, ಆದರೆ ಹೆಚ್ಚಿನವರು ಅವನ ಕಣ್ಣೆದುರೇ ನೀರುಪಾಲಾಗುತ್ತಾರೆ. ಆಟಗಾರ ಎಷ್ಟೇ ಚುರುಕಾಗಿದ್ದರೂ ಎಲ್ಲರನ್ನೂ ಉಳಿಸುವುದು ಸಾಧ್ಯವಿಲ್ಲ. ಗೆಲುವಿಗಾಗಿಯೇ ಹುಟ್ಟಿದ ಮಾಧ್ಯಮವೊಂದು ಸೋಲನ್ನು ಹೀಗೆ ಕಡ್ಡಾಯಗೊಳಿಸಿದ್ದು ದೊಡ್ಡ ಧೈರ್ಯ.

ಆಟದಲ್ಲಿನ ಕಬ್ಬಿನ ತೋಟಗಳ ರಚನೆಯಲ್ಲೂ ಅದೇ ವಿವೇಕ ಕಾಣುತ್ತದೆ. ಒಳನುಗ್ಗಿದವನನ್ನು ಕಂಡು ಮೇಸ್ತ್ರಿಗಳು ಎಚ್ಚೆತ್ತರೆ ಮೊದಲು ಗುಲಾಮರನ್ನೇ ಕೊಲ್ಲತೊಡಗುತ್ತಾರೆ. ಆಟಗಾರನ ಅವಸರಕ್ಕೆ ಬೆಲೆ ತೆರುವವರು ಬೇರೆಯವರು. ಆದರೆ ಬಿಡುಗಡೆಯಾದವರ ಸಂಖ್ಯೆ ಏರಿದಂತೆಲ್ಲ ನಾಯಕನಿಗೆ ಮೇಲಾದ ಆಯುಧ, ಸಲಕರಣೆಗಳು ದೊರೆಯುತ್ತವೆ. ಮನುಷ್ಯರನ್ನು ಲೆಕ್ಕದ ಅಂಕಿಯಾಗಿಸಿದ ವ್ಯವಸ್ಥೆಯನ್ನು ಖಂಡಿಸುವ ಆಟ ತಾನೂ ಅವರನ್ನು ಅಂಕಿಯಾಗಿಸುತ್ತದೆ ಎಂಬ ಆಕ್ಷೇಪ ಇಲ್ಲಿಂದಲೇ ಹುಟ್ಟಿತು, ಅದು ನ್ಯಾಯವಾದದ್ದೇ.

ಕಾಲದೋಷಗಳಲ್ಲಿ ಎದ್ದುಕಾಣುವುದು ನಗರವೇ. ಕಥೆ ನಡೆಯುವ ಪೋರ್ಟ್-ಒ-ಪ್ರಿನ್ಸ್ ಸ್ಥಾಪನೆಯಾದದ್ದು 1749ರಲ್ಲಿ. ಆದರೆ ಖಳನಾಯಕ ಗವರ್ನರ್ ಪಿಯರ್ ದ ಫಾಯೆ ನಿಜವಾದ ವ್ಯಕ್ತಿ. 1732ರಿಂದ 1737ರವರೆಗೆ ವಸಾಹತನ್ನು ಆಳಿದ. ಆಟದಲ್ಲಿ ಅವನನ್ನು ಅಡೆವಾಲೆ ಕೊಲ್ಲುತ್ತಾನೆ, ಅದು ಕಲ್ಪನೆ. ಭೂಮಿಯ ಆಕಾರ ಅಳೆಯಲು ಲೂಯಿ ಗೊಡ್ಯಾಂ, ಬೂಗೆ, ಲಾ ಕೊಂಡಮೀನ್ ಮೊದಲಾದ ವಿಜ್ಞಾನಿಗಳು 1735ರಲ್ಲಿ ಫ್ರಾನ್ಸಿನಿಂದ ದಕ್ಷಿಣ ಅಮೆರಿಕದ ಕ್ವಿಟೋ ಕಡೆಗೆ ಹೊರಟದ್ದೂ ದಾರಿಯಲ್ಲಿ ಇಲ್ಲಿ ತಂಗಿದ್ದೂ ದಾಖಲಾದ ಸಂಗತಿ. ಆ ವಿಜ್ಞಾನಯಾತ್ರೆಯನ್ನು ಕಥೆಯೊಳಗೆ ತಂದದ್ದು ಬಹಳ ಸೊಗಸಾದ ಆಯ್ಕೆ. ಜ್ಞಾನೋದಯದ ಯುಗವೂ ಗುಲಾಮರ ಮಾರುಕಟ್ಟೆಯೂ ಒಂದೇ ಬಂದರಿನಲ್ಲಿ ಎದುರುಬದುರಾಗುತ್ತವೆ.

ಮಾಲೆಯ ಇತರ ಆಟಗಳು ಈ ಚರಿತ್ರೆಯನ್ನು ಹಿಗ್ಗಿಸಿವೆ. 2014ರ ‘ರೋಗ್’ನಲ್ಲಿ 1751ರ ಪೋರ್ಟ್-ಒ-ಪ್ರಿನ್ಸ್ ಭೂಕಂಪಕ್ಕೆ ಪ್ರಾಚೀನ ವಸ್ತುವೊಂದನ್ನು ಕದಲಿಸಿದ್ದೇ ಕಾರಣ. ಭೂಕಂಪ ನಿಜ, ಕಾರಣ ಕಟ್ಟುಕಥೆ. ಇದಕ್ಕಿಂತ ಗಂಭೀರವಾದದ್ದು ಫ್ರಾಂಸ್ವಾ ಮಕಾಂಡಾಲ್‌ನ ಚಿತ್ರಣ. ಗಿಡಮೂಲಿಕೆ ಬಲ್ಲ ಈ ಮರೂನ್ ನಾಯಕ ತೋಟದೊಡೆಯರಿಗೆ ವಿಷವಿಕ್ಕುವ ಸಂಚು ಹೂಡಿದನೆಂದು 1758ರ ಜನವರಿಯಲ್ಲಿ ಕ್ಯಾಪ್-ಫ್ರಾನ್ಸೆಯಲ್ಲಿ ಅವನನ್ನು ಜೀವಂತ ಸುಟ್ಟರು. ಅವನು ಬೆಂಕಿಯಿಂದ ಪಾರಾದನೆಂದೇ ಗುಲಾಮರು ನಂಬಿದರು. ಆಟಗಳಲ್ಲಿ ಅವನೂ ಅಸ್ಯಾಸಿನ್ ಬಳಗದ ಗುರು. 1791ರಲ್ಲಿ ಶುರುವಾದ ಗುಲಾಮರ ಕ್ರಾಂತಿಯಲ್ಲೂ ಅಡೆವಾಲೆಯ ಮೊಮ್ಮಗನೊಬ್ಬನಿಗೆ ಪಾತ್ರ ಕೊಡಲಾಗಿದೆ. ನಗರದ ವಯಸ್ಸಿನಲ್ಲಾದ ತಪ್ಪು ಸಣ್ಣದು, ಇದು ದೊಡ್ಡದು. ಸಾವಿರಾರು ಗುಲಾಮರು ತಾವೇ ಸಂಘಟಿತರಾಗಿ, ತಾವೇ ಸತ್ತು, 1804ರ ಜನವರಿ 1ರಂದು ಸ್ವತಂತ್ರ ರಾಷ್ಟ್ರ ಘೋಷಿಸಿದ ಸಾಹಸದ ಹಿಂದೆ ಗುಪ್ತಸಂಘದ ಕೈಯನ್ನು ಇಡುವುದೆಂದರೆ ಆ ಜನರ ಕರ್ತೃತ್ವದಲ್ಲಿ ಒಂದು ಪಾಲನ್ನು ಕಿತ್ತುಕೊಂಡಂತೆ.

ಹಾಗಿದ್ದೂ ‘ಫ್ರೀಡಂ ಕ್ರೈ’ಯ ಸ್ಥಾನ ವಿಶಿಷ್ಟ. ಒಲಿವಿಯೆ ದೆರಿವಿಯೆರ್ ಅವರ ಸಂಗೀತಕ್ಕೆ ಹೈಟಿಯ ಸಾಂಪ್ರದಾಯಿಕ ಗಾಯನ, ವಾದ್ಯಗಳ ‘ಲಾ ಟ್ರೂಪ್ ಮಕಾಂಡಾಲ್’ ತಂಡ ದನಿಗೂಡಿಸಿದೆ. ಹೈಟಿ ಮೂಲದ ಅಮೆರಿಕನ್ ವಿಮರ್ಶಕ ಇವಾನ್ ನಾರ್ಸಿಸ್, ತಮ್ಮ ಪೂರ್ವಿಕರ ಬದುಕು ಇದರಲ್ಲಿ ಕಂಡಿತೆಂದು ಬರೆದರು. ಅಲ್ಲಿಯವರೆಗೆ ದೊಡ್ಡ ಬಂಡವಾಳದ ಗೇಮ್‌ಗಳಲ್ಲಿ ಆ ಬದುಕಿಗೆ ಜಾಗವೇ ಇರಲಿಲ್ಲವೆನ್ನಬೇಕು.