ತೇಲುವ ಹೈನುಶಾಲೆ, ರಾಟರ್‌ಡ್ಯಾಮ್

ತೇಲುವ ಹೈನುಶಾಲೆಯು ನೆದರ್ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದ ಮೆರ್ವೆ ಬಂದರಿನಲ್ಲಿ ನೀರಿನ ಮೇಲೆ ನಿರ್ಮಿಸಲಾಗಿರುವ ಹಸುಗಳ ಕೊಟ್ಟಿಗೆ ಹಾಗೂ ಹಾಲು ಸಂಸ್ಕರಣಾ ಕಟ್ಟಡ. ಸುಮಾರು 40 ಹಸುಗಳಿಗೆ ಸ್ಥಳಾವಕಾಶವಿರುವ ಇಲ್ಲಿಗೆ ಮೊದಲ ಹಸುಗಳು 2019ರ ಮೇ ತಿಂಗಳಲ್ಲಿ ಬಂದವು. ಹಾಲಿನ ಉತ್ಪಾದನೆಯನ್ನು ನಗರವಾಸಿಗಳ ಸಮೀಪಕ್ಕೆ ತಂದು, ಅದರ ಹಂತಗಳನ್ನು ಅವರು ಕಣ್ಣಾರೆ ಕಾಣುವಂತೆ ಮಾಡುವುದು ಇದರ ಮುಖ್ಯ ಉದ್ದೇಶಗಳಲ್ಲಿ ಒಂದು.

ಹಿನ್ನೆಲೆ

2012ರಲ್ಲಿ ಸ್ಯಾಂಡಿ ಚಂಡಮಾರುತವು ನ್ಯೂಯಾರ್ಕ್ ನಗರವನ್ನು ಅಪ್ಪಳಿಸಿದಾಗ ರಸ್ತೆಗಳು ಜಲಾವೃತವಾಗಿ ಅಂಗಡಿಗಳಿಗೆ ತಾಜಾ ಆಹಾರದ ಪೂರೈಕೆ ಕುಂಠಿತವಾಯಿತು. ಆಗ ಅಲ್ಲಿದ್ದ ಡಚ್ ಎಂಜಿನಿಯರ್ ಪೀಟರ್ ವಾನ್ ವಿಂಗರ್ಡನ್ ಅವರಿಗೆ ನೀರಿನ ಮಟ್ಟದೊಡನೆ ಏರಿಳಿಯುವ ಕೃಷಿಕೇಂದ್ರದ ಕಲ್ಪನೆ ಮೂಡಿತು. ಅವರು ಮತ್ತು ಪತ್ನಿ ಮಿಂಕೆ ವಾನ್ ವಿಂಗರ್ಡನ್ ಈ ಯೋಜನೆಯನ್ನು ಕಾರ್ಯರೂಪಕ್ಕೆ ತಂದರು. ಕಟ್ಟಡದ ವಿನ್ಯಾಸ ರಾಟರ್‌ಡ್ಯಾಮಿನ ಗೋಲ್ಡ್‌ಸ್ಮಿತ್ ಸಂಸ್ಥೆಯದು.

ವಿನ್ಯಾಸ

ಕಾಂಕ್ರೀಟಿನ ತೇಲುಪೀಠಗಳ ಮೇಲೆ ನಿಂತಿರುವ ಈ ಕಟ್ಟಡಕ್ಕೆ ಮೂರು ಅಂತಸ್ತುಗಳಿವೆ. ಭಾರವಾದ ಉಪಕರಣಗಳು ನೀರಿನೊಳಗಿರುವ ತಳ ಅಂತಸ್ತಿನಲ್ಲಿರುವುದರಿಂದ ಕಟ್ಟಡಕ್ಕೆ ಸ್ಥಿರತೆ ದೊರೆಯುತ್ತದೆ. ನಡುವಿನ ಅಂತಸ್ತಿನಲ್ಲಿ ಹಾಲಿನ ಸಂಸ್ಕರಣೆ ನಡೆಯುತ್ತದೆ. ಹಸುಗಳು ಮೇಲಂತಸ್ತಿನಲ್ಲಿವೆ, ಗಾಳಿ, ಬೆಳಕು ಧಾರಾಳವಾಗಿ ಬರಲೆಂದು ಅದನ್ನು ತೆರೆದ ಚೌಕಟ್ಟಿನಂತೆ ರಚಿಸಲಾಗಿದೆ. ಕಾಲುಸೇತುವೆಯೊಂದು ಅವುಗಳನ್ನು ದಡದ ಹುಲ್ಲುಗಾವಲಿಗೆ ಕರೆದೊಯ್ಯುತ್ತದೆ. ಹಾಲು ಕರೆಯುವುದೂ ಸಗಣಿ ಬಾಚುವುದೂ ಯಂತ್ರಗಳ ಕೆಲಸ. ಮಳೆನೀರನ್ನು ಛಾವಣಿಯಿಂದ ಸಂಗ್ರಹಿಸಲಾಗುತ್ತದೆ. ವಿದ್ಯುತ್ತಿನ ಒಂದು ಭಾಗ ಪಕ್ಕದಲ್ಲಿ ತೇಲುವ ಸೌರಫಲಕಗಳಿಂದ ಬರುತ್ತದೆ.

ಮೇವು ಮತ್ತು ಗೊಬ್ಬರ

ಕ್ರೀಡಾಂಗಣಗಳಲ್ಲಿ ಕತ್ತರಿಸಿದ ಹುಲ್ಲು, ಬಿಯರ್ ತಯಾರಿಕೆಯಲ್ಲಿ ಉಳಿಯುವ ಧಾನ್ಯದ ಚರಟ, ಆಲೂಗಡ್ಡೆಯ ಸಿಪ್ಪೆ ಮೊದಲಾದ ನಗರದ ಉಳಿಕೆ ಪದಾರ್ಥಗಳು ಮೇವಾಗಿ ಬಳಕೆಯಾಗುತ್ತವೆ. ಗಂಜಲವು ನೆಲಹಾಸಿನ ಮೂಲಕ ಕೆಳಗಿಳಿದು ಸಗಣಿಯಿಂದ ಬೇರ್ಪಡುತ್ತದೆ. ಇವೆರಡೂ ಬೆರೆತಾಗ ಸಗಣಿಯಲ್ಲಿರುವ ಕಿಣ್ವವು ಗಂಜಲದ ಯೂರಿಯಾವನ್ನು ಒಡೆದು ಅಮೋನಿಯಾ ಹೊರಬೀಳುವಂತೆ ಮಾಡುತ್ತದೆ. ಬೇರ್ಪಡಿಸಿದರೆ ಈ ಮಾಲಿನ್ಯ ತಗ್ಗುತ್ತದೆ. ದಟ್ಟವಾದ ಪಶುಸಾಕಣೆಯಿಂದ ಸಾರಜನಕ ಮಾಲಿನ್ಯವನ್ನು ಎದುರಿಸುತ್ತಿರುವ ನೆದರ್ಲ್ಯಾಂಡ್ಸ್‌ನಲ್ಲಿ ಇದು ಮಹತ್ವದ ಸಂಗತಿ.

ಗ್ರಾಹಕರೊಡನೆ ಸಂಪರ್ಕ

ಹಸುಗಳು ಮೇಯುವುದರಿಂದ ಹಿಡಿದು ಹಾಲು ಪಾತ್ರೆ ಸೇರುವವರೆಗಿನ ಕ್ರಮವನ್ನು ಸಂದರ್ಶಕರು ನೋಡಬಹುದು. ಶಾಲಾಮಕ್ಕಳಿಗೂ ಇಲ್ಲಿ ಪ್ರವೇಶವಿದೆ. ಇಲ್ಲಿಯೇ ತಯಾರಾದ ಹಾಲು, ಮೊಸರು ಮುಂತಾದವು ದಡದ ಅಂಗಡಿಯಲ್ಲಿ ಮಾರಾಟವಾಗುತ್ತವೆ.

ಮಿತಿಗಳು

ನಲವತ್ತು ಹಸುಗಳ ಹಾಲು ಲಕ್ಷಾಂತರ ಜನರಿರುವ ನಗರದ ಬೇಡಿಕೆಯನ್ನು ಪೂರೈಸಲಾರದು. ನೀರಿನ ಮೇಲಿನ ನಿರ್ಮಾಣವೂ ಸಾಮಾನ್ಯ ಕೊಟ್ಟಿಗೆಗಿಂತ ದುಬಾರಿ. ಹಸುಗಳನ್ನು ಇಂತಹ ಸೀಮಿತ ಸ್ಥಳದಲ್ಲಿ ಸಾಕುವುದಕ್ಕೆ ಪ್ರಾಣಿಹಿತವಾದಿಗಳ ಆಕ್ಷೇಪವೂ ಇದೆ. ಆದುದರಿಂದ ಈ ಕಟ್ಟಡದ ಮಹತ್ವವನ್ನು ಹಾಲಿನ ಪ್ರಮಾಣದಿಂದ ಅಳೆಯುವುದಕ್ಕಿಂತ, ನಗರದ ಉಳಿಕೆಯು ಮೇವಾಗಿ, ಮೇವು ಹಾಲಾಗಿ, ಸಗಣಿಯು ಗೊಬ್ಬರವಾಗಿ ಸಾಗುವ ಚಕ್ರವನ್ನು ಒಂದೇ ಸ್ಥಳದಲ್ಲಿ ತೋರಿಸುವ ಪ್ರಯೋಗವೆಂದು ಗುರುತಿಸುವುದು ಹೆಚ್ಚು ಸಮಂಜಸ.