ಓದಿನ ಗುಂಪು, ಟೀಚರ ಟಿಪ್ಪಣಿ: ಕಾಸರಗೋಡಿನ ಕನ್ನಡ ತರಗತಿಯಿಂದ ಒಂದು ಚರಿತ್ರೆ

ಗಡಿನಾಡಿನ ಕನ್ನಡ ಅಂದಕೂಡಲೇ ನಾವು ಮಹಾಜನ ವರದಿಯಿಂದ ಶುರುಮಾಡ್ತೇವೆ, ಚಂದ್ರಗಿರಿ ಹೊಳೆಯ ಆಚೆ ಈಚೆ ಅಂತ ಚರ್ಚೆ ಮಾಡ್ತೇವೆ. ಅದು ಬೇಕಾದದ್ದೇ. ನಾನು ಮಾತ್ರ ಇವತ್ತು ಯಾವ ಪತ್ರಾಗಾರಕ್ಕೂ ಸೇರದ ಒಂದು ದಾಖಲೆಯ ಬಗ್ಗೆ ಹೇಳುತ್ತೇನೆ: ಒಂದನೇ, ಎರಡನೇ ತರಗತಿಯಲ್ಲಿ ಐದಾರು ಮಕ್ಕಳನ್ನು ಸುತ್ತ ಕೂರಿಸಿ ಓದಿಸುವಾಗ ಟೀಚರ್ ಬರೆದುಕೊಳ್ಳುವ ಟಿಪ್ಪಣಿ. ಕನ್ನಡ ಮಾಧ್ಯಮದ ಎಲ್.ಪಿ. ಶಾಲೆಯೊಂದರಲ್ಲಿ ಕೆಲವು ವರ್ಷ ನಾನೂ ಇದನ್ನು ಬರೆದಿದ್ದೇನೆ.

ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ ಮಗುವಿನ ಓದನ್ನು ದಾಖಲಿಸುತ್ತಿದ್ದವರು ಮುಖ್ಯವಾಗಿ ಇನ್ಸ್‌ಪೆಕ್ಟರು. 19ನೇ ಶತಮಾನದ ಉತ್ತರಾರ್ಧದಲ್ಲಿ ಆ ಪ್ರಾಂತದಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಇತ್ತು. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ನಿಯಮದ ತಮ್ಮನೇ ಅನ್ನಿ. ಓದು, ಬರಹ, ಲೆಕ್ಕ ಮೂರರಲ್ಲಿ ಪರೀಕ್ಷೆ. ಎಷ್ಟು ಮಕ್ಕಳು ಪಾಸೋ ಅದರ ಮೇಲೆ ಶಾಲೆಗೆ ಹಣ. ಮಾಷ್ಟ್ರ ಹೊಟ್ಟೆಪಾಡು ಆ ಪಟ್ಟಿಯಲ್ಲಿರುವಾಗ ಮಗು ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೂ ಅದು ಓದೇ. 1904ರಲ್ಲಿ ಕರ್ಜನ್ ಸರಕಾರದ ಶಿಕ್ಷಣ ನಿರ್ಣಯ ಈ ಪದ್ಧತಿ ಬೇಡವೆಂದಿತು. ಪದ್ಧತಿ ಹೋಯಿತು, ಪಾಸು-ಫೇಲಿನ ಕಣ್ಣು ಅಷ್ಟು ಬೇಗ ಹೋಗಲಿಲ್ಲ.

1956ರ ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಸೇರಿತು. ಓದಿನ ಟಿಪ್ಪಣಿಯ ಮಟ್ಟಿಗೆ ದೊಡ್ಡ ತಿರುವು ಬಂದದ್ದು ಮಾತ್ರ 1990ರ ದಶಕದಲ್ಲಿ. ಡಿಪಿಇಪಿ ಯೋಜನೆಗೆ ಕೇರಳದಲ್ಲಿ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕಾಸರಗೋಡೂ ವಯನಾಡೂ ಇದ್ದವು. ಗುಂಪಿನಲ್ಲಿ ಕಲಿಕೆ, ವರ್ಷವಿಡೀ ಮೌಲ್ಯಮಾಪನ, ಮಕ್ಕಳ ಪ್ರತಿಕ್ರಿಯೆಯನ್ನು ಟೀಚರೇ ಬರೆಯಬೇಕೆಂಬ ಒತ್ತಾಯ ಎಲ್ಲ ಆಗ ಬಂತು. ಮುಂದೆ 2009ರ ಶಿಕ್ಷಣ ಹಕ್ಕು ಕಾಯಿದೆ ನಿರಂತರ ಮೌಲ್ಯಮಾಪನವನ್ನು ಕಾನೂನೇ ಮಾಡಿತು.

ಬರೆಯುವುದು ಹೇಗೆ? ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ಕ್ರಮ ನನಗೆ ಹಿಡಿಸಿದ್ದು. ಮಗು ಓದುತ್ತಾ ಹೋಗುವಾಗ ಸರಿ ಓದಿದ ಪ್ರತಿ ಪದಕ್ಕೂ ಒಂದು ಟಿಕ್. ಬೇರೆ ಓದಿದರೆ ಅದು ಏನು ಹೇಳಿತೋ ಅದನ್ನೇ ಮೇಲೆ ಬರೆದು, ಪುಸ್ತಕದ ಪದವನ್ನು ಕೆಳಗೆ ಬರೆಯುವುದು. ತಾನೇ ತಿದ್ದಿಕೊಂಡರೆ ಅದು ತಪ್ಪಲ್ಲ, ಅದಕ್ಕೆ ಬೇರೆ ಗುರುತು. ಆಮೇಲೆ ಕೂತು ನೋಡಬೇಕು: ಮಗು ಅರ್ಥವನ್ನು ಹಿಡಿದು ಹೋಯಿತೋ, ವಾಕ್ಯದ ಓಟವನ್ನೋ, ಬರೀ ಅಕ್ಷರವನ್ನೋ?

ನಮ್ಮ ತರಗತಿಯಲ್ಲಿ ಈ ಪ್ರಶ್ನೆ ಸಲೀಸಲ್ಲ. ಒಂದೇ ಗುಂಪಿನಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಟಿ ಮನೆಮಾತಿನ ಮಕ್ಕಳು ಇರ್ತಾರೆ. ಪುಸ್ತಕದಲ್ಲಿ 'ಹೂ' ಇದೆ, ಮಗು 'ಪೂ' ಅನ್ನುತ್ತದೆ. ತುಳುವಿನಲ್ಲೂ ಮಲಯಾಳದಲ್ಲೂ ಅದು ಪೂವೇ. ಅಕ್ಷರ ತಪ್ಪಿತು, ಅರ್ಥ ತಪ್ಪಲಿಲ್ಲ. (ಹಳಗನ್ನಡದಲ್ಲೂ ಪೂ, ಪಾಲ್ ಅಂತಲೇ ಇತ್ತಲ್ಲ, ಮಗು ಕನ್ನಡದಿಂದ ತುಂಬ ದೂರವೇನೂ ಹೋಗಿಲ್ಲ.) 'ಬಂದನು' ಇರುವಲ್ಲಿ 'ಬಂದ' ಅಂದ ಮಗು ವಾಕ್ಯವನ್ನು ತನ್ನ ಮಾತಿಗೆ ಇಳಿಸಿಕೊಂಡಿದೆ. 'ಭತ್ತ'ವನ್ನು 'ಬತ್ತ' ಅಂದದ್ದು ಬರೀ ಉಚ್ಚಾರದ ವಿಷಯ. ಇನ್ನೊಂದು ಮಗು ಒಂದಕ್ಷರವೂ ತಪ್ಪದೆ ಓದಿ ಮುಗಿಸುತ್ತದೆ, ಕಥೆಯಲ್ಲಿ ಏನಾಯ್ತು ಅಂತ ಕೇಳಿದರೆ ಸುಮ್ಮನೆ ಮುಖ ನೋಡುತ್ತದೆ. ಹಳೆಯ ಇನ್ಸ್‌ಪೆಕ್ಟರು ಈ ಕೊನೆಯ ಮಗುವನ್ನು ಮೊದಲು ಪಾಸು ಮಾಡುತ್ತಿದ್ದರೇನೋ. ನನ್ನ ಟಿಪ್ಪಣಿಯಲ್ಲಿ ನಾಳೆ ಹತ್ತಿರ ಕೂರಿಸಿಕೊಳ್ಳಬೇಕಾದ್ದು ಅದನ್ನೇ.

ಇಲ್ಲಿಯೇ ನನ್ನ ತಕರಾರು ಇರುವುದು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಕಾಸರಗೋಡಿನಲ್ಲಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಾರೆ. ಆಗೆಲ್ಲ ನಾವು ಹೇಳುವುದು, ಮಕ್ಕಳಿಗೆ ಪಾಠ ಅರ್ಥವಾಗುವುದಿಲ್ಲ ಅಂತ. ನಿಜವೇ. ಆದರೆ ಟೀಚರಿಗೆ ಮಗುವಿನ ಓದು ಅರ್ಥವಾಗುವುದಿಲ್ಲ ಎಂಬುದನ್ನು ನಾವು ಅಷ್ಟಾಗಿ ಹೇಳಿಯೇ ಇಲ್ಲ. ಮಲಯಾಳ ಮಾತ್ರ ಬಲ್ಲವರಿಗೆ 'ಪೂ' ತಿಳಿದೀತು. 'ಬಂದ'ಕ್ಕೂ 'ಬಂದನು'ವಿಗೂ ಇರುವ ದೂರ ಎಷ್ಟು ಕಡಿಮೆ ಅಂತ ತಿಳಿಯುವುದು ಹೇಗೆ? ಪಟ್ಟಿಯಲ್ಲಿ ಎ, ಬಿ, ಸಿ ಗ್ರೇಡ್ ಯಾರಾದರೂ ತುಂಬಿಸಬಹುದು. ಈ ಟಿಪ್ಪಣಿ ಬರೆಯಲು ಪುಸ್ತಕದ ಕನ್ನಡವೂ ಬೇಕು, ಮಗುವಿನ ಮನೆಯ ಮಾತಿನ ಪರಿಚಯವೂ ಬೇಕು. ಬರೀ ಕನ್ನಡ ಬಲ್ಲ, ತುಳುವನ್ನು 'ಅಶುದ್ಧ' ಅನ್ನುವ ಶಿಕ್ಷಕರೂ ಇಲ್ಲಿ ಅರ್ಧ ಕಿವುಡರೇ. ಇದು ನಮ್ಮವರಿಗೆ ಕಹಿ ಅನಿಸಬಹುದು.

ಇಂಥ ನೋಟ್‌ಬುಕ್ಕುಗಳನ್ನು ಯಾರೂ ಕಾಪಾಡುವುದಿಲ್ಲ. ಟೀಚರಿಗೆ ವರ್ಗವಾದರೆ ಅವರ ಚೀಲದಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಗುಜರಿಗೆ. ಜತ್ತ, ಅಕ್ಕಲಕೋಟೆ, ತಾಳವಾಡಿ ಕಡೆಯ ಗೆಳೆಯರು ಇಲ್ಲಿ ಕೂತಿದ್ದೀರಿ. ನಿಮ್ಮ ಊರಿನ ನಿವೃತ್ತ ಶಿಕ್ಷಕರ ಅಟ್ಟದಲ್ಲಿ ಏನಾದರೂ ಉಳಿದಿದ್ದರೆ ಮಕ್ಕಳ ಹೆಸರು ಮುಚ್ಚಿ ಎರಡು ಪುಟದ ಫೋಟೋ ಕಳುಹಿಸಿ. ಮರಾಠಿ, ತಮಿಳು ಮನೆಮಾತಿನ ಮಗು 'ಹೂ'ವನ್ನು ಏನೆಂದು ಓದಿತು ಅಂತ ನನಗೆ ನೋಡಬೇಕಾಗಿದೆ.