ಬೇತಾಳನ ರೂಲ್‌ಬುಕ್: ಆಟ, ಮಂತ್ರ ಮತ್ತು ಹೆಸರಿಲ್ಲದ ಕಥೆಗಾರರು

ಇವತ್ತಿನ ವಿಷಯ ಮಂತ್ರವಾದ. ಹೆದರಬೇಡಿ, ನಿಂಬೆಹಣ್ಣು ಕುಂಕುಮದ್ದಲ್ಲ. ಆಟದೊಳಗಿನ, ಕಥೆಯೊಳಗಿನ ಮಂತ್ರವಾದ.

ನಾನಿರೋದು ದುವ್ವಾಡದಲ್ಲಿ. ವಿಶಾಖಪಟ್ಟಣಕ್ಕೆ ಹೋಗಿ ಇಂಜಿನ್ ತಿರುಗಿಸಿಕೊಳ್ಳೋ ತಾಪತ್ರಯ ಬೇಡ ಅಂತ ಎಷ್ಟೋ ದೂರದ ರೈಲುಗಳು ಇಲ್ಲೇ ನಿಂತು ಮುಂದಕ್ಕೆ ಹೊರಟುಬಿಡುತ್ತವೆ. ಹಾಗಾಗಿ ಊರು ನೋಡದಿದ್ರೂ ಟಿಕೆಟ್ ಮೇಲೆ ಈ ಹೆಸರು ನೋಡಿರ್ತೀರಿ. ಶನಿವಾರ ಸಂಜೆ ನಮ್ಮ ರೂಮಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಮೂವರು ತೆಲುಗಿನವರು, ಒಬ್ಬ ಒಡಿಯಾ, ಇನ್ನು ನಾನು. ನನ್ನದು ಮಾಂತ್ರಿಕನ ಪಾತ್ರ.

ಮೊದಮೊದಲು ಒಂದಿನ ನಾನು ಬೆಂಕಿಯ ಮಂತ್ರ ಹಾಕಿದೆ. ಮತ್ತೆ ಹಾಕಿದೆ. ಮೂರನೇ ಸಲ ಆಟ ನಡೆಸ್ತಿದ್ದ ತೆನಾಲಿಯ ಗೆಳೆಯ ಕೈ ಅಡ್ಡ ಹಿಡಿದ. "ಮುಗೀತು. ಇನ್ನು ರಾತ್ರಿ ಮಲಗಿ ಎದ್ದು, ಪುಸ್ತಕ ನೋಡಿದ ಮೇಲೇನೇ." ನನಗೆ ಸಿಟ್ಟು ಬಂತು. ಮಂತ್ರ ಮರೆತುಹೋಗೋ ಮಾಂತ್ರಿಕ ಎಂಥ ಮಾಂತ್ರಿಕ? "ನಮ್ಮ ಕನ್ನಡದ ಚಂದಮಾಮದಲ್ಲಿ ಹೀಗಿರಲಿಲ್ಲಪ್ಪ" ಅಂದೆ. ಅವನು ಜೋರಾಗಿ ನಕ್ಕ. "ಚಂದಮಾಮ ಮಾದಿ ಕದಾ, ಅಣ್ಣಾ!" ಅದು ನಮ್ಮದಲ್ವಾ, ಅಂತ. ನಾನು ತಿಪಟೂರಿನ ಅಜ್ಜಿ ಮನೇಲಿ ಓದಿ ಬೆಳೆದ ಚಂದಮಾಮ ಅವನದು ಹೇಗಾಗುತ್ತೆ? ಎರಡು ವಾರ ಇದರ ಹಿಂದೆ ಬಿದ್ದೆ. ಸಿಕ್ಕಿದ್ದನ್ನು ಹೇಳ್ತೀನಿ.

ಮೊದಲು ಅವರ ಕಥೆ

ಈ ಆಟ 1974ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮಂತ್ರ ಮರೆತುಹೋಗೋ ನಿಯಮ ಅವರು ಸುಮ್ಮನೆ ಹುಟ್ಟಿಸಿದ್ದಲ್ಲ. ಜ್ಯಾಕ್ ವ್ಯಾನ್ಸ್ ಅನ್ನೋ ಲೇಖಕನ 'ದಿ ಡೈಯಿಂಗ್ ಅರ್ಥ್' ಎಂಬ ಕಥೆಗಳ ಪುಸ್ತಕ 1950ರಲ್ಲಿ ಬಂದಿತ್ತು. ಅದರಲ್ಲಿ ಮಾಂತ್ರಿಕನ ತಲೇಲಿ ಕೆಲವೇ ಮಂತ್ರಗಳು ಹಿಡಿಸುತ್ತವೆ, ಒಮ್ಮೆ ಪ್ರಯೋಗಿಸಿದರೆ ಅಳಿಸಿಹೋಗುತ್ತವೆ. ಗೈಗ್ಯಾಕ್ಸ್ ಆ ಸಾಲವನ್ನು ಮುಚ್ಚಿಡಲಿಲ್ಲ. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ವೆಕ್ನಾ ಗೊತ್ತಲ್ಲ? ಅದು ಈ ಆಟದ ಮಾಂತ್ರಿಕನೊಬ್ಬನ ಹೆಸರು. ಇಂಗ್ಲಿಷ್ ಅಕ್ಷರಗಳನ್ನು ಹಿಂದೆಮುಂದೆ ಮಾಡಿ, ವ್ಯಾನ್ಸ್ ಅಂತ ಬರುತ್ತೆ.

ಕಥೆಯಿಂದ ನಿಯಮ ಬಂತು, ಆಮೇಲೆ ನಿಯಮದಿಂದ ಕಥೆ. 1984ರಲ್ಲಿ ಮಾರ್ಗರೆಟ್ ವೈಸ್, ಟ್ರೇಸಿ ಹಿಕ್‌ಮನ್ ಇಬ್ಬರೂ ಇದೇ ಆಟದ ಲೋಕದಲ್ಲಿ ಡ್ರ್ಯಾಗನ್‌ಲಾನ್ಸ್ ಕಾದಂಬರಿ ಬರೆದರು. ಅದರ ಮಾಂತ್ರಿಕ ರೈಸ್ಟ್‌ಲಿನ್ ಪಿಸುದನಿಯಲ್ಲಿ ಮಾತಾಡ್ತಾನೆ. ಆ ದನಿ ಬಂದದ್ದು ಆಟ ಆಡುವಾಗ ಅವನ ಪಾತ್ರ ತಗೊಂಡಿದ್ದ ಗೆಳೆಯನೊಬ್ಬನ ಗಂಟಲಿಂದ. 1987ರ ಹೊತ್ತಿಗೆ ಆ ಲೋಕದ ಸಣ್ಣಕಥೆಗಳ ಸಂಕಲನವೂ ಬಂತು, 'ದಿ ಮ್ಯಾಜಿಕ್ ಆಫ್ ಕ್ರಿನ್'. ನಿಯಮ ಒಂದೇ, ಕಥೆ ಹಲವು.

ನಮ್ಮಲ್ಲಿ ಇಂಥದ್ದು ಇರಲಿಲ್ವಾ? ಇತ್ತು. ತಿಂಗಳು ತಿಂಗಳು ಮನೆಗೇ ಬರ್ತಿತ್ತು.

ಎಕ್ಸಿಟ್ ಇಲ್ಲದ ಲೂಪ್

ಬೇತಾಳನನ್ನು ನೆನಪಿಸಿಕೊಳ್ಳಿ. ರಾಜ ಮರದಿಂದ ಹೆಣ ಇಳಿಸಿ ಹೆಗಲಿಗೆ ಹಾಕ್ಕೋತಾನೆ. ಬೇತಾಳ ಕಥೆ ಹೇಳಿ ಕೊನೆಗೊಂದು ಪ್ರಶ್ನೆ ಕೇಳುತ್ತೆ. ಉತ್ತರ ಗೊತ್ತಿದ್ದೂ ಹೇಳದಿದ್ರೆ ತಲೆ ಹೋಳಾಗುತ್ತೆ. ಹೇಳಿದ್ರೆ ಮೌನ ಮುರೀತು, ಹೆಣ ವಾಪಸ್ ಮರಕ್ಕೆ. ಎರಡು ಕಡೆಯಿಂದಲೂ ಸಿಕ್ಕಿಹಾಕಿಸೋ ನಿಯಮ. ಇದಕ್ಕಿಂತ ಚೆಂದದ ರೂಲ್‌ಬುಕ್ ನಾನು ನೋಡಿಲ್ಲ.

ಇದು ಹಳೆಯದು. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಕಥಾಸರಿತ್ಸಾಗರದಲ್ಲಿ ಇಂಥ 25 ಕಥೆ ಸೇರಿಸಿದ್ದಾನೆ. ಅಲ್ಲಿ ಎಕ್ಸಿಟ್ ಕಂಡೀಷನ್ ಇದೆ. ತಂದೆ ಮಗಳನ್ನೂ ಮಗ ಆಕೆಯ ತಾಯಿಯನ್ನೂ ಮದುವೆಯಾದರೆ ಅವರ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ನಿಜಕ್ಕೂ ಗೊತ್ತಿಲ್ಲ, ಸುಮ್ಮನಾಗ್ತಾನೆ. ಆಟ ಮುಗೀತು.

ಚಂದಮಾಮದಲ್ಲಿ ಅದು ಮುಗೀಲೇ ಇಲ್ಲ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಪತ್ರಿಕೆ ಶುರುಮಾಡಿದರು. ಮರುವರ್ಷ ಕನ್ನಡಕ್ಕೂ ಬಂತು. ಮೂಲ ತೆಲುಗು, ಉಳಿದ ಭಾಷೆಗಳಿಗೆ ಅನುವಾದ. ನಮ್ಮ ಭಾಷೇಲಿ ಹೇಳೋದಾದ್ರೆ ಸೋರ್ಸ್ ಒಂದು, ಬಿಲ್ಡ್ ಹಲವು. ಹಳೆಯ 25 ಕಥೆ ಖರ್ಚಾದ ಮೇಲೆ ಅದೇ ಚೌಕಟ್ಟಿನಲ್ಲಿ ಹೊಸ ಕಥೆ ಕಟ್ಟುತ್ತಾ ದಶಕಗಟ್ಟಲೆ ನಡೆಸಿದರು. ಶಂಕರ್ ಬಿಡಿಸಿದ ಆ ರಾಜ, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ ಹೊತ್ತು ನಡೀತಾನೇ ಇದ್ದ.

ಹಾಗಾದ್ರೆ ಚಂದಮಾಮ ತೆಲುಗಿನದೇ? ಗೆಳೆಯನಿಗೆ ನಾನೂ ಒಂದು ಮಾತು ತಿರುಗಿಸಿ ಕೊಟ್ಟೆ. ಸೋಮದೇವ ತನ್ನ ಮೂಲ ಅಂತ ಹೇಳೋದು ಗುಣಾಢ್ಯನ ಬೃಹತ್ಕಥೆಯನ್ನು, ಅದು ಪೈಶಾಚಿ ಭಾಷೆಯದು. ನಮ್ಮ ಗಂಗರ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದ ಅಂತ ತಾಮ್ರಶಾಸನ ಹೇಳುತ್ತೆ. 1031ರ ಹೊತ್ತಿಗೆ ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಕೂಡ ಗುಣಾಢ್ಯನನ್ನು ನೆನೀತಾನೆ. ಕಥೆ ಯಾರ ಅಪ್ಪನ ಆಸ್ತಿಯೂ ಅಲ್ಲ. ಇಬ್ಬರೂ ಒಪ್ಪಿಕೊಂಡ್ವಿ.

ಆದರೆ ನನಗೆ ಸಮಾಧಾನ ಆಗಲಿಲ್ಲ. ಕಥೆ ಯಾರದೂ ಅಲ್ಲ ಸರಿ, ಕೂತು ಬರೆದವರು ಒಬ್ಬರಿದ್ದರಲ್ಲ?

ಬರೆದವರು ಯಾರು?

ಇದ್ದರು. ತೆನಾಲಿಯಲ್ಲೇ ಹುಟ್ಟಿದ ಕೊಡವಟಿಗಂಟಿ ಕುಟುಂಬರಾವ್, ತೆಲುಗಿನ ದೊಡ್ಡ ಕಾದಂಬರಿಕಾರ, ಮಾರ್ಕ್ಸ್‌ವಾದಿ. 1952ರಿಂದ 1980ರಲ್ಲಿ ತೀರಿಕೊಳ್ಳೋವರೆಗೆ ಚಂದಮಾಮದ ಸಂಪಾದಕೀಯ ಮೇಜು ಅವರದು. ದೆವ್ವ ಪಿಶಾಚಿ ನಂಬದ ಮನುಷ್ಯ ಬೇತಾಳನ ಕಥೆಗಳನ್ನು ಬರೆದು, ತಿದ್ದಿ ನಮಗೆ ಕೊಟ್ಟರು.

ಇನ್ನೊಬ್ಬರು ದಾಸರಿ ಸುಬ್ರಹ್ಮಣ್ಯಂ. ಬಾಲ್ಯದಲ್ಲಿ ನಮ್ಮನ್ನು ಹೆದರಿಸಿದ ಮಾಂತ್ರಿಕರಲ್ಲಿ ಬಹಳ ಜನ ಅವರ ತಲೆಯಿಂದ ಬಂದವರು. ತೋಕಚುಕ್ಕ ಅಂದರೆ ಧೂಮಕೇತು, ಮಕರದೇವತ, ಮುಗ್ಗುರು ಮಾಂತ್ರಿಕುಲು ಅಂದರೆ ಮೂವರು ಮಾಂತ್ರಿಕರು, ಭಲ್ಲೂಕ ಮಾಂತ್ರಿಕುಡು ಅಂದರೆ ಕರಡಿ ಮಾಂತ್ರಿಕ. ಒಂದು ಗುಂಪು ಕಾಡಿಗೆ ಹೊರಡೋದು, ಪಾಳುಗುಡಿ, ನಿಧಿ, ದಾರಿಗಡ್ಡ ಬರೋ ರಾಕ್ಷಸ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟೋಕೆ ಇಪ್ಪತ್ತು ವರ್ಷ ಮೊದಲೇ ಅವರು ಇದನ್ನು ಶುರುಮಾಡಿದ್ದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕೆಲಸ ಮಾಡಿದರು. ಆ ಧಾರಾವಾಹಿಗಳ ಮೇಲೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. 2010ರ ಜನವರಿಯಲ್ಲಿ ವಿಜಯವಾಡದಲ್ಲಿ ತೀರಿಕೊಂಡರು. ನಾನಾಗ ಕಾಲೇಜಿನಲ್ಲಿದ್ದೆ, ಅಂಥವರೊಬ್ಬರು ಇದ್ದರು ಅಂತಲೇ ಗೊತ್ತಿರಲಿಲ್ಲ.

ಚಿತ್ರಕಾರರ ಹೆಸರು ಮಾತ್ರ ನಮಗೆ ಗೊತ್ತು, ಯಾಕಂದ್ರೆ ಚಿತ್ರದ ಮೂಲೆಯಲ್ಲಿ ರುಜು ಇರುತ್ತಿತ್ತು. ಮುಖಪುಟದ 'ವಪಾ' ನೆನಪಿದೆಯಾ? ವಡ್ಡಾದಿ ಪಾಪಯ್ಯ. ತೆಲುಗಿನ ಆ ಎರಡಕ್ಷರ ಕನ್ನಡದ ಮಗುವಿಗೂ ಓದೋಕೆ ಬರ್ತಿತ್ತು. ಅವರು ಕೊನೆಗಾಲ ಕಳೆದ ಕಶಿಂಕೋಟ, ದುವ್ವಾಡದಿಂದ ಅನಕಾಪಲ್ಲಿ ದಾಟಿದ ಕೂಡಲೇ ಸಿಗುತ್ತೆ. ಚಿತ್ರಕ್ಕೆ ರುಜು ಇತ್ತು, ಮಾತಿಗೆ ಇರಲಿಲ್ಲ. ಅದನ್ನು ಕನ್ನಡಕ್ಕೆ ತಂದವರಂತೂ ಇನ್ನೂ ಕತ್ತಲಲ್ಲಿ. ನನಗೆ ಕನ್ನಡ ಓದೋ ರುಚಿ ಹತ್ತಿಸಿದ ಅವರಲ್ಲಿ ಒಬ್ಬರ ಹೆಸರೂ ನನ್ನ ನೆನಪಲ್ಲಿಲ್ಲ.

2007ರಲ್ಲಿ ಚಂದಮಾಮವನ್ನು ಒಂದು ಸಾಫ್ಟ್‌ವೇರ್ ಕಂಪನಿ ಕೊಂಡುಕೊಂಡಿತು. ಕೆಲವು ವರ್ಷಗಳಲ್ಲಿ ಪತ್ರಿಕೆ ನಿಂತುಹೋಯಿತು. ನಮ್ಮ ಉದ್ಯಮದವರಾಗಿ ಇದನ್ನು ಓದುವಾಗ ಸ್ವಲ್ಪ ಮುಜುಗರ ಆಗುತ್ತೆ. ನಾವಾದರೂ ಪ್ರತಿ ಕಮಿಟ್‌ಗೂ ಹೆಸರು ಹಾಕ್ತೀವಿ, ಒಂದು ಕಾಮಾ ಸರಿಪಡಿಸಿದ್ರೂ.

ಅಲ್ಲಿ ವ್ಯಾನ್ಸ್‌ಗೆ ಅಕ್ಷರ ಅದಲುಬದಲು ಮಾಡಿಯಾದರೂ ಒಂದು ಜಾಗ ಸಿಕ್ಕಿತು. ನಮ್ಮ ಮೇಜಿನ ಮೇಲೆ ನಾವೂ ಒಂದು ನಿಯಮ ಮಾಡ್ಕೊಂಡಿದೀವಿ. ಪ್ರತಿ ಶನಿವಾರದ ಆಟವನ್ನು ಆಮೇಲೆ ಯಾರಾದರೊಬ್ಬರು ಸಣ್ಣಕಥೆಯಾಗಿ ಬರೀತಾರೆ, ಒಂದು ವಾರ ತೆಲುಗು, ಒಂದು ವಾರ ಕನ್ನಡ. ಮೊದಲ ಸಾಲಿನಲ್ಲಿ ಬರೆದವರ ಹೆಸರು, ಎರಡನೇ ಸಾಲಿನಲ್ಲಿ ಅನುವಾದ ಮಾಡಿದವರ ಹೆಸರು. ಈಗ ನಡೀತಿರೋ ಆಟದಲ್ಲಿ ಒಬ್ಬ ಮುದುಕ ಮಾಂತ್ರಿಕ ಇದ್ದಾನೆ. ಅವನಿಗೆ ಮಂತ್ರ ಮರೆಯಲ್ಲ. ಹೆಸರು ದಾಸರಿ.

ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಹಳೇ ಚಂದಮಾಮ ಇದ್ರೆ ಇಳಿಸಿ ನೋಡಿ. ಧಾರಾವಾಹಿಯ ಮೊದಲ ಪುಟದಲ್ಲಿ ಜಾಗ ಇದ್ದರೆ, ಪೆನ್ಸಿಲ್‌ನಲ್ಲಿ ಆ ಹೆಸರು ಬರೆದಿಡಿ. ಮತ್ತೆ ಸಿಗೋಣ.